ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್: ಫಾರ್ವರ್ಡ್ ಮೆಸೇಜಿನಲ್ಲಿ ಬರುವುದು ಎಷ್ಟು ನಿಜ?

ಕುದುರೆಗೊರಸು:
ಸೆಪ್ಟೆಂಬರ್ 23 ಬಂತು ಅಂದರೆ ಸಾಕು, ನನ್ನ ಎಲ್ಲ ವಾಟ್ಸಾಪ್ ಗ್ರೂಪಿಗೂ ಒಂದೇ ಮೆಸೇಜ್ ಬರುತ್ತದೆ. ಈ ವರ್ಷವೂ ಬಂತು. ಅದರಲ್ಲಿ ಇರುವುದು ಇಷ್ಟು: 1918ರಲ್ಲಿ ಮೈಸೂರಿನ ಕುದುರೆ ಸವಾರರು ಬರೀ ಕತ್ತಿ, ಭರ್ಜಿ ಹಿಡಿದು ಮೆಷಿನ್ ಗನ್ನಿಗೆ ಎದೆಯೊಡ್ಡಿ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದರು. 900 ಜನ ಸತ್ತರು. 400 ವರ್ಷದ ತುರ್ಕಿ ಆಳ್ವಿಕೆ ಒಂದೇ ದಿನಕ್ಕೆ ಮುಗಿಯಿತು. ಜಗತ್ತಿನ ಇತಿಹಾಸದಲ್ಲಿ ಇದೇ ಕೊನೆಯ ಅಶ್ವದಾಳಿ.

ಓದಿದಾಗ ಹೆಮ್ಮೆ ಆಗುತ್ತದೆ. ಆದರೆ ಇದರಲ್ಲಿ ಯಾವುದು ನಿಜ, ಯಾವುದು ಸೇರಿಸಿದ್ದು? ಇನ್ನೊಂದು ಮಾತು. ಆ ದಾಳಿಯಲ್ಲಿ ಮಡಿದ ಜೋಧಪುರದ ದಲಪತ್ ಸಿಂಗ್ ಹೆಸರು ಎಲ್ಲರಿಗೂ ಗೊತ್ತು. ಮೈಸೂರಿನ ಒಬ್ಬ ಸವಾರನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಓದಿದ ಶಾಲೆಯಲ್ಲಿ ಮೊದಲ ಮಹಾಯುದ್ಧ ಅಂದರೆ ಯುರೋಪಿನ ಕಂದಕ ಅಷ್ಟೇ. ನಮ್ಮ ಊರಿನಿಂದ ಯಾರೂ ಹೋಗೇ ಇಲ್ಲವೇನೋ ಅನ್ನುವ ಹಾಗೆ ಪಾಠ ಮುಗಿಯಿತು. ತಿಳಿದವರು ಬರೆಯಿರಿ.

ಬಿಸಿಬೇಳೆ:
ನನಗೂ ಬಂತು. ಓದದೇ ಮೂರು ಕಡೆ ಕಳಿಸಿದೆ.

ಹಳೇನಕ್ಷೆ:
ದಾಳಿ ನಡೆದದ್ದು ನಿಜ. ಗೆದ್ದದ್ದೂ ನಿಜ. ಆದರೆ "ಬರೀ ಕತ್ತಿ, ಭರ್ಜಿ" ಅನ್ನುವುದು ಸರಿಯಲ್ಲ. ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ಸೆಪ್ಟೆಂಬರ್ 19ಕ್ಕೆ ಬ್ರಿಟಿಷ್ ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಪ್ಯಾಲೆಸ್ಟೈನಿನಲ್ಲಿ ಶುರುವಾಯಿತು. ತುರ್ಕಿ ಸೇನೆ ಮುರಿದು ಹಿಂದಕ್ಕೆ ಓಡುತ್ತಿತ್ತು. ಹೈಫಾ ಖಾಲಿಯಾಗಿದೆ ಅಂದುಕೊಂಡು 22ರಂದು ಬ್ರಿಟಿಷರು ಉಕ್ಕಿನ ಕವಚದ ಕಾರುಗಳನ್ನು ಕಳಿಸಿದರು. ಫಿರಂಗಿ ಏಟು ತಿಂದು ಅವು ವಾಪಸ್ ಬಂದವು. ಮಾರನೇ ದಿನ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿಗೆ ಹೈಫಾ ಹಿಡಿಯುವ ಕೆಲಸ ಬಿತ್ತು. ಜೋಧಪುರ, ಮೈಸೂರು, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್‌ಗಳ, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರ ಬ್ರಿಗೇಡ್ ಅದು.

ಜಾಗ ನೋಡಿ. ಒಂದು ಕಡೆ ಕಾರ್ಮೆಲ್ ಬೆಟ್ಟ. ಇನ್ನೊಂದು ಕಡೆ ಕಿಶೋನ್ ಹೊಳೆ ಮತ್ತು ಅದರ ಜೌಗು. ನಡುವೆ ಕಿರಿದಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. ಬೆಳಿಗ್ಗೆ ಬಲದ್ ಅಲ್ ಶೇಖ್ ಹಳ್ಳಿಯ ಹತ್ತಿರ ಬರುವಷ್ಟರಲ್ಲಿ ಮುಂದೆ ಹೆಜ್ಜೆ ಇಡಲಾಗದಷ್ಟು ಗುಂಡು ಸುರಿಯಿತು. ಆಗ ಮೈಸೂರಿನ ಒಂದು ಸ್ಕ್ವಾಡ್ರನ್ (ಸವಾರರ ತುಕಡಿ) ಎರಡು ಮೆಷಿನ್ ಗನ್ ತೆಗೆದುಕೊಂಡು ಬಳಸು ದಾರಿಯಲ್ಲಿ ಕಾರ್ಮೆಲ್ ಹತ್ತಿತು. ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸುವುದು ಅವರ ಕೆಲಸ. ಇನ್ನೊಂದು ಮೈಸೂರು ಸ್ಕ್ವಾಡ್ರನ್ ಉತ್ತರಕ್ಕೆ ಸರಿದು ಅಲ್ಲಿಂದ ಗುಂಡು ಹಾರಿಸಿ ಬೆಂಬಲ ಕೊಟ್ಟಿತು. ಮಧ್ಯಾಹ್ನ ಎರಡರ ಹೊತ್ತಿಗೆ ಜೋಧಪುರದವರು ನುಗ್ಗಿದರು. ಹೊಳೆ ದಂಡೆಯ ಹುದುಲಿನಲ್ಲಿ ಮುಂದಿನ ಕುದುರೆಗಳು ಹೂತವು. ತಕ್ಷಣ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮೆಷಿನ್ ಗನ್‌ಗಳ ಮೇಲೆ ಬಿದ್ದು, ದಾರಿ ಬಿಡಿಸಿಕೊಂಡು ಊರೊಳಗೆ ಹೋದರು. ಉಳಿದ ಮೈಸೂರು ಸ್ಕ್ವಾಡ್ರನ್‌ಗಳು ಹಿಂದೆಯೇ ನುಗ್ಗಿದವು. ಬ್ರಿಟಿಷ್ ಫಿರಂಗಿ ಬ್ಯಾಟರಿಯೊಂದರ ಬೆಂಬಲವೂ ಇತ್ತು.

ಅಂದರೆ ಇದು ಕಣ್ಣು ಮುಚ್ಚಿ ನುಗ್ಗಿದ್ದಲ್ಲ. ಬೆಟ್ಟ, ಬಯಲು ಎರಡನ್ನೂ ಲೆಕ್ಕ ಹಾಕಿ ಮಾಡಿದ ಯುದ್ಧ. ನನ್ನ ಮಟ್ಟಿಗೆ ಹೆಮ್ಮೆ ಪಡಬೇಕಾದದ್ದು ಇದಕ್ಕೇ.

ಪುಸ್ತಕಹುಳು:
900 ಸಾವು ಅನ್ನುವುದು ಪೂರ್ತಿ ತಪ್ಪು. ಹೈಫಾ ದಾಳಿಯಲ್ಲಿ ಬ್ರಿಗೇಡಿನಲ್ಲಿ ಸತ್ತವರು 8 ಜನ, ಗಾಯಗೊಂಡವರು 34. ಸೆರೆ ಸಿಕ್ಕ ಎದುರಾಳಿಗಳು ಸುಮಾರು 1,350. ಜೊತೆಗೆ 17 ಫಿರಂಗಿ, 11 ಮೆಷಿನ್ ಗನ್.

900 ಎಲ್ಲಿಂದ ಬಂತು ಅಂದರೆ, ಇವತ್ತಿನ ಇಸ್ರೇಲಿನಲ್ಲಿರುವ ಜೆರುಸಲೇಮ್, ರಾಮ್ಲೆ, ಹೈಫಾ ಮುಂತಾದ ಕಡೆಯ ಯುದ್ಧ ಸ್ಮಶಾನಗಳಲ್ಲಿ ಸುಮಾರು 900 ಭಾರತೀಯ ಸೈನಿಕರು ಇದ್ದಾರೆ. ಅದು ಒಟ್ಟು ಲೆಕ್ಕ. ಯಾರೋ ಅದನ್ನು ಒಂದೇ ಮಧ್ಯಾಹ್ನಕ್ಕೆ ಅಂಟಿಸಿಬಿಟ್ಟರು.

ಬಿಸಿಬೇಳೆ:
ಎಂಟೇ ಜನಾನಾ? ಹಾಗಾದರೆ ಅಷ್ಟು ದೊಡ್ಡ ಯುದ್ಧ ಏನಲ್ಲ ಅಲ್ವಾ?

ಹಳೇನಕ್ಷೆ:
ಹಾಗೆ ಅಳೆಯಬೇಡಿ ಸಾರ್. ಸತ್ತವರು ಕಡಿಮೆ ಅಂದರೆ ಕೆಲಸ ಚೆನ್ನಾಗಿ ಮಾಡಿದ್ದಾರೆ ಅಂತ. ವೇಗವೇ ಅವರನ್ನು ಉಳಿಸಿದ್ದು. ಮೆಷಿನ್ ಗನ್ ಗುಂಡು ಬಹಳಷ್ಟು ಕುದುರೆಗೆ ಬಿತ್ತು. 60 ಕುದುರೆ ಸತ್ತವು, 83ಕ್ಕೆ ಗಾಯ. ಎಷ್ಟೋ ಕುದುರೆಗಳು ಗುಂಡು ತಿಂದ ಮೇಲೂ ಓಡಿದವು.

ಜೆಸಿನಗರದವಳು:
ಕುದುರೆ ಲೆಕ್ಕ ಹಾಕಿದ್ದಕ್ಕೆ ಥ್ಯಾಂಕ್ಸ್. ನಮ್ಮ ಮುತ್ತಜ್ಜ ಲ್ಯಾನ್ಸರ್ಸ್‌ನಲ್ಲಿ ನಾಲ್‌ಬಂದ್ ಆಗಿದ್ದರು. ಕುದುರೆಗೆ ಲಾಳ ಹೊಡೆಯುವ ಕೆಲಸ. ಮನೆಯಲ್ಲಿ ಅವರ ಯುದ್ಧದ ಕತೆ ಅಂತ ಉಳಿದಿರುವುದು ಸ್ವಲ್ಪವೇ. ಮರಳಿನಲ್ಲಿ ಗೊರಸು ಹೇಗೆ ಕೆಡುತ್ತದೆ, ನೀರು ಸಿಗದಿದ್ದರೆ ಯಾವ ಕುದುರೆ ಮೊದಲು ಸೋಲುತ್ತದೆ, ಇಂಥವೇ. ಶತ್ರು ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲವಂತೆ.

ಒಂದು ಪದಕ ಇತ್ತು. ಬೆಳ್ಳಿಯದು. ಕಷ್ಟಕಾಲದಲ್ಲಿ ಅಜ್ಜಿ ಅದನ್ನು ಬೆಳ್ಳಿ ಅಂಗಡಿಗೆ ತೂಕಕ್ಕೆ ಕೊಟ್ಟುಬಿಟ್ಟರು. ಅದರ ಮೇಲೆ ಕುದುರೆ ಚಿತ್ರ ಇತ್ತು ಅಂತ ಅಮ್ಮನಿಗೆ ನೆನಪಿದೆ.

ಪುಸ್ತಕಹುಳು:
@ಜೆಸಿನಗರದವಳು ಮೇಡಂ, ಬೆಳ್ಳಿ, ಕುದುರೆ ಸವಾರನ ಚಿತ್ರ ಅಂದರೆ ಅದು ಬ್ರಿಟಿಷ್ ವಾರ್ ಮೆಡಲ್. ಅದರ ಅಂಚಿನಲ್ಲಿ ನಂಬರ್, ಹೆಸರು, ಪಡೆ ಎಲ್ಲ ಒತ್ತಿರುತ್ತಾರೆ. ಅದೇ ಕುಟುಂಬದ ಅತಿ ಮುಖ್ಯ ದಾಖಲೆ. ಇಡೀ ದೇಶದಲ್ಲಿ ಇಂಥ ಪದಕಗಳು ಬೆಳ್ಳಿ ದರಕ್ಕೆ ಕರಗಿ ಹೋಗಿವೆ. ಬೇಜಾರಿನ ಸಂಗತಿ.

ಸಂಡೂರಿನವ:
"ಕೊನೆಯ ಅಶ್ವದಾಳಿ" ಬಗ್ಗೆ ಯಾರೂ ಮಾತಾಡಲಿಲ್ಲ. ಅದೂ ತಪ್ಪು. 1942ರ ಆಗಸ್ಟ್ 24ಕ್ಕೆ ರಷ್ಯಾದ ಡಾನ್ ನದಿ ಹತ್ತಿರ ಇಸ್ಬುಶೆನ್‌ಸ್ಕಿ ಅನ್ನುವಲ್ಲಿ ಇಟಲಿಯ ಸವೋಯಾ ಕ್ಯಾವಲ್ರಿ ಸೋವಿಯತ್ ಸೈನಿಕರ ಮೇಲೆ ಕತ್ತಿ ಹಿಡಿದು ನುಗ್ಗಿದೆ. ಅದೇ ವರ್ಷ ಮಾರ್ಚಿನಲ್ಲಿ ಬರ್ಮಾದ ಟೌಂಗೂ ಹತ್ತಿರ ಕ್ಯಾಪ್ಟನ್ ಸ್ಯಾಂಡೆಮನ್ ಜೊತೆ ಬರ್ಮಾ ಫ್ರಾಂಟಿಯರ್ ಫೋರ್ಸಿನ ಸಿಖ್ ಸವಾರರು ಜಪಾನೀಯರ ಮೇಲೆ ನುಗ್ಗಿ ಸತ್ತಿದ್ದಾರೆ. ಅವರನ್ನು ಯಾರು ನೆನೆಯುತ್ತಾರೆ?

ಕುದುರೆಗೊರಸು:
ಬರ್ಮಾದ್ದು ನಾನು ಕೇಳೇ ಇರಲಿಲ್ಲ. ಆದರೂ ಹೈಫಾಗೆ ಏನೋ ವಿಶೇಷ ಇದೆ ಅಲ್ವಾ?

ಹಳೇನಕ್ಷೆ:
ಇದೆ. ಮೆಷಿನ್ ಗನ್, ಫಿರಂಗಿ ಕಾವಲಿದ್ದ ಒಂದು ಪಟ್ಟಣವನ್ನು ಕುದುರೆ ಪಡೆ ನಾಗಾಲೋಟದಲ್ಲಿ ನುಗ್ಗಿ ಹಿಡಿಯುವುದು ಆ ಯುದ್ಧದಲ್ಲಿ ಬಹಳ ಅಪರೂಪ. ಅಷ್ಟು ಹೇಳಿದರೆ ಸಾಕು. "ಕೊನೆಯದು" ಅಂತ ಸೇರಿಸುವ ಅಗತ್ಯವೇ ಇಲ್ಲ.

ಮತ್ತೆ 400 ವರ್ಷದ ಮಾತು. ಆಟೋಮನ್ನರು ಆ ಸೀಮೆ ಹಿಡಿದದ್ದು 1516ರಲ್ಲಿ. 1918ಕ್ಕೆ 402 ವರ್ಷ ಆಗುತ್ತದೆ. ಆದರೆ ನಡುವೆ 1831ರಿಂದ 1840ರವರೆಗೆ ಈಜಿಪ್ಟಿನವರು ಆಳಿದ್ದಾರೆ. ಈಗಿನ ಹೈಫಾ ಊರು ಎದ್ದದ್ದು 18ನೇ ಶತಮಾನದಲ್ಲಿ, ಜಾಹಿರ್ ಅಲ್ ಉಮರ್ ಕಾಲದಲ್ಲಿ.

ಗುಲ್ಮೊಹರ್:
ಒಂದು ಪ್ರಶ್ನೆ. ಹೈದರಾಬಾದ್ ಲ್ಯಾನ್ಸರ್ಸ್ ಯಾಕೆ ನುಗ್ಗಲಿಲ್ಲ? ಅವರು ಮುಸ್ಲಿಮರು, ತುರ್ಕಿಯ ಖಲೀಫನ ವಿರುದ್ಧ ಹೋರಾಡಲ್ಲ ಅಂತ ಪಕ್ಕಕ್ಕಿಟ್ಟರು ಅಂತ ಎಲ್ಲೋ ಓದಿದೆ.

ಸಂಡೂರಿನವ:
ನಾನೂ ಹಾಗೇ ಓದಿದ್ದೇನೆ. ತರ್ಕಕ್ಕೆ ಸರಿಹೋಗುತ್ತದೆ.

ಹಳೇನಕ್ಷೆ:
ಸರಿಹೋಗಲ್ಲ. ಜೋಧಪುರ ಲ್ಯಾನ್ಸರ್ಸ್‌ನಲ್ಲೇ ಕಾಯಂಖಾನಿ ಮುಸ್ಲಿಮರು ಇದ್ದರು. ಮೈಸೂರು ಕುದುರೆ ಪಡೆಯಲ್ಲಿ ಹಿಂದಿನಿಂದಲೂ ಮುಸ್ಲಿಮರು, ಮರಾಠರು ಜಾಸ್ತಿ, ಜೊತೆಗೆ ಅರಸು ಮನೆತನದವರು. ಆ ಮಧ್ಯಾಹ್ನ ನುಗ್ಗಿದವರಲ್ಲೇ ಮುಸ್ಲಿಮರು ಇದ್ದಾಗ ಆ ಕಾರಣ ನಿಲ್ಲುವುದಿಲ್ಲ. ಹೈದರಾಬಾದಿನವರಿಗೆ ಆಗ ಸಾವಿರಾರು ಸೆರೆಯಾಳುಗಳನ್ನು ಸಾಗಿಸುವ, ಕಾಯುವ ಕೆಲಸ ಬಿದ್ದಿತ್ತು. ಸೇನೆಯಲ್ಲಿ ಇದು ಯಾರಿಗಾದರೂ ಬೀಳುವ ಕೆಲಸ. ಅವತ್ತು ಅವರಿಗೆ ಬಿತ್ತು.

ಗುಲ್ಮೊಹರ್:
ಹೀಗೆ ಬಿಡಿಸಿ ಹೇಳಿದ್ದಕ್ಕೆ ಖುಷಿ ಆಯಿತು ಅಣ್ಣ. ನಮ್ಮ ತಾಯಿ ಕಡೆಯವರು ಮೈಸೂರಿನ ಸಿಲ್ಲೇದಾರ್ ಮನೆತನ, ಅಂದರೆ ಸ್ವಂತ ಕುದುರೆ ತಂದು ಪಡೆಗೆ ಸೇರುತ್ತಿದ್ದವರು. "ಕನ್ನಡಿಗರ ವಿಜಯ" ಅಂತ ಬರುವ ಪೋಸ್ಟರಿನಲ್ಲಿ ನಮ್ಮವರ ಹೆಸರು ಒಂದೂ ಇರಲ್ಲ. ಮನೆಯಲ್ಲಿ ದಖನಿ ಮಾತಾಡಿದರೂ ಅವರು ಮೈಸೂರಿನವರೇ. ಸಂಬಳ ತಿಂದದ್ದು ಮೈಸೂರು ಖಜಾನೆಯಿಂದ, ಸತ್ತದ್ದು ಮೈಸೂರು ಬಾವುಟದ ಕೆಳಗೆ.

ಕೆಂಪುಮಣ್ಣು:
ಎಲ್ಲ ಸರಿ. ಆದರೆ ಯಾರ ಯುದ್ಧ ಇದು? ಬ್ರಿಟಿಷರದ್ದು. ಅವರ ಸಾಮ್ರಾಜ್ಯ ದೊಡ್ಡದಾಗಲಿ ಅಂತ ನಮ್ಮ ಬಡವರ ಮಕ್ಕಳು ಸತ್ತರು. ಮೈಸೂರು ಮಹಾರಾಜರು 1914ರಲ್ಲೇ ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಆ ಕಾಲದ 50 ಲಕ್ಷ! ಅದೇ ಹೊತ್ತಿಗೆ ಕೆಆರ್‌ಎಸ್ ಕಟ್ಟುತ್ತಿದ್ದೆವು, ದುಡ್ಡಿಗೆ ಎಷ್ಟು ಒದ್ದಾಟ ಇತ್ತು. ಯುದ್ಧ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಬಂತು. ಹಡಗಿನಲ್ಲಿ ಸೈನಿಕರ ಜೊತೆಗೇ ಬಾಂಬೆಗೆ ಬಂದು ಇಳಿಯಿತು. ದೇಶದಲ್ಲಿ ಕೋಟಿಗೂ ಜಾಸ್ತಿ ಜನ ಸತ್ತರು. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ. ಬರೀ ಕುದುರೆ, ಕತ್ತಿ, ವಿಜಯ.

ಕುದುರೆಗೊರಸು:
ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ಹೋದವನ ಕಡೆಯಿಂದಲೂ ನೋಡಬೇಕಲ್ಲ. ಅವನಿಗೆ ಸಾಮ್ರಾಜ್ಯ ಗೀಮ್ರಾಜ್ಯ ಏನು ಗೊತ್ತು? ತಿಂಗಳ ಸಂಬಳ, ಮನೆಗೆ ಹಣ, ಪಕ್ಕದ ಸವಾರನನ್ನು ಬಿಟ್ಟು ಓಡಬಾರದು ಅನ್ನುವ ಛಲ.

ಕೆಂಪುಮಣ್ಣು:
ಅವನ ಬಗ್ಗೆ ನನಗೆ ಗೌರವ ಇದೆ. ಕಳಿಸಿದವರ ಬಗ್ಗೆ ಇಲ್ಲ. ಎರಡನ್ನೂ ಒಂದೇ ಮೆಸೇಜಿನಲ್ಲಿ ಕಲಸಿಬಿಡುತ್ತಾರೆ, ಅದಕ್ಕೇ ನನ್ನ ತಕರಾರು. ಹತ್ತು ಲಕ್ಷಕ್ಕೂ ಜಾಸ್ತಿ ಭಾರತೀಯರು ಹೊರದೇಶಕ್ಕೆ ಹೋದರು, 74,000ದಷ್ಟು ಜನ ಸತ್ತರು. ಯುದ್ಧ ಮುಗಿದ ಮರುವರ್ಷವೇ ಬ್ರಿಟಿಷರು ನಮಗೆ ಕೊಟ್ಟದ್ದು ರೌಲತ್ ಕಾಯ್ದೆ, ಜಲಿಯನ್‌ವಾಲಾಬಾಗ್.

ಪೇಡಾಪ್ರಿಯ:
ನೋಡ್ರಿ, ಹಳೇ ಮೈಸೂರಿನವರು ಹೈಫಾ ಹೈಫಾ ಅಂತೀರಿ. ನಮ್ಮ ಉತ್ತರ ಕರ್ನಾಟಕದ ಕಡೆ ಬರ್ರಿ ಸ್ವಲ್ಪ. ಬೆಳಗಾವಿ, ಧಾರವಾಡ ಆಗ ಬಾಂಬೆ ಪ್ರಾಂತ್ಯ. ಈ ಕಡೆಯ ಹುಡುಗರು ಮರಾಠಾ ಪಲ್ಟಣಗಳಿಗೆ ಸೇರಿ ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋದರು. ಕುಟ್ ಅಂತ ಒಂದು ಊರು. 1915ರ ಡಿಸೆಂಬರ್ 7ಕ್ಕೆ ತುರ್ಕಿಗಳು ಮುತ್ತಿಗೆ ಹಾಕಿದರು. 1916ರ ಏಪ್ರಿಲ್ 29ಕ್ಕೆ ಬ್ರಿಟಿಷ್ ಜನರಲ್ ಟೌನ್‌ಶೆಂಡ್ ಶರಣಾದ. ಸುಮಾರು 13,000 ಜನ ಸೆರೆ. ಅದರಲ್ಲಿ 103, 110, 117ನೇ ಮರಾಠಾ ಪಲ್ಟಣಗಳೂ ಇದ್ದವು.

ಅಲ್ಲಿ ತಿನ್ನಲಿಕ್ಕೆ ಏನೂ ಇರಲಿಲ್ಲ. ಕುದುರೆ ಕಡಿದು ತಿನ್ನಿರಿ ಅಂದರು. ನಮ್ಮವರು ಬಹಳ ದಿನ ಒಪ್ಪಲಿಲ್ಲ. ಊರಿಗೆ ಹೋದರೆ ಜಾತಿಯಿಂದ ಹಾಕುತ್ತಾರೆ, ಹೆಣ್ಣು ಕೊಡಲ್ಲ ಅನ್ನುವ ಭಯ. ಕೊನೆಗೆ ಭಾರತದ ಧರ್ಮಗುರುಗಳಿಂದ ಅನುಮತಿ ತರಿಸಬೇಕಾಯಿತು. ಶರಣಾದ ಮೇಲೆ ಸೈನಿಕರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ದಾರಿಯಲ್ಲಿ, ಕ್ಯಾಂಪಿನಲ್ಲಿ ಸಾವಿರಾರು ಜನ ಸತ್ತರು. ಟೌನ್‌ಶೆಂಡ್ ಮಾತ್ರ ಇಸ್ತಾಂಬುಲ್ ಹತ್ತಿರದ ದ್ವೀಪದಲ್ಲಿ ಆರಾಮಾಗಿ ಇದ್ದ.

ಗೆದ್ದ ಯುದ್ಧಕ್ಕೆ ಮೆಸೇಜ್ ಬರುತ್ತದೆ. ಸೋತ ಯುದ್ಧಕ್ಕೆ ಯಾರೂ ಕಳಿಸಲ್ಲ.

ಕೆಂಪುಮಣ್ಣು:
ಪೇಡಾಪ್ರಿಯ ಅವರೇ, ಇದನ್ನು ಬೇರೆಯಾಗಿ ದೊಡ್ಡದಾಗಿ ಬರೆಯಿರಿ. ಕುಟ್ ಬಗ್ಗೆ ಕನ್ನಡದಲ್ಲಿ ಓದಲು ಏನೂ ಸಿಗಲ್ಲ.

ಸಂಡೂರಿನವ:
ಆದರೆ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಬೆಳಗಾವಿಗೆ ಬಂದದ್ದು 1922ರಲ್ಲಿ. ಯುದ್ಧದ ಹೊತ್ತಿಗೆ ಇಲ್ಲಿ ಇರಲಿಲ್ಲ.

ಪೇಡಾಪ್ರಿಯ:
ಸೆಂಟರ್ ಬಂದದ್ದು ಆಮೇಲೆ ರೀ. ಸೈನ್ಯಕ್ಕೆ ಸೇರುವ ಮನೆಗಳು ಅದಕ್ಕಿಂತ ಮೊದಲೇ ಇದ್ದವು.

ದೆಹಲಿಯಿಂದ:
ದೆಹಲಿಯ ತೀನ್ ಮೂರ್ತಿ ಚೌಕದಲ್ಲಿರುವ ಆ ಮೂರು ಪ್ರತಿಮೆ ಯಾರದ್ದು ಅಂತ ಇಲ್ಲಿನವರನ್ನು ಕೇಳಿದರೆ ಬಹಳ ಜನಕ್ಕೆ ಗೊತ್ತಿಲ್ಲ. ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್‌ಗಳದ್ದು. ಒಬ್ಬ ನಮ್ಮವ! 1922ರಲ್ಲಿ ನಿಲ್ಲಿಸಿದ್ದು, ಮಾಡಿದವರು ಲಿಯೊನಾರ್ಡ್ ಜೆನಿಂಗ್ಸ್. ಹಿಂದಿರುವ ಬಂಗಲೆ ಎದ್ದದ್ದು 1930ರಲ್ಲಿ, ಬ್ರಿಟಿಷ್ ಸೇನಾಪತಿಗೆ ಅಂತ. ಆಮೇಲೆ ನೆಹರೂ ಇದ್ದರು. ಮನೆಗೆ ಹೆಸರು ಬಂದದ್ದು ಪ್ರತಿಮೆಯಿಂದ. 2018ರಿಂದ ಅದು ತೀನ್ ಮೂರ್ತಿ ಹೈಫಾ ಚೌಕ್.

ಕರ್ನಾಟಕದಿಂದ ಬಂದ ನೆಂಟರನ್ನು ಎಲ್ಲರೂ ಇಂಡಿಯಾ ಗೇಟಿಗೆ ಕರೆದುಕೊಂಡು ಹೋಗುತ್ತಾರೆ. ನಾನು ಮೊದಲು ಇಲ್ಲಿಗೆ ಕರೆದುಕೊಂಡು ಬರುತ್ತೇನೆ.

ಕಡಲತಡಿ:
ನಾನು ಉಡುಪಿ ಕಡೆಯವಳು. ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಮ್ಮ ಕರಾವಳಿಯವರು ಇಲ್ಲಿ ಸುಮಾರು ಜನ ಇದ್ದೇವೆ. ಭಾರತೀಯ ಸ್ಮಶಾನ ಪುಟ್ಟದು, ಕೆಳಗಿನ ಊರಿನಲ್ಲಿದೆ. ತುಂಬಾ ಚೊಕ್ಕವಾಗಿ ಇಟ್ಟಿದ್ದಾರೆ. 2017ರಲ್ಲಿ ಮೋದಿ ಬಂದಾಗ ದಲಪತ್ ಸಿಂಗ್ ಹೆಸರಿನ ಫಲಕ ಹಾಕಿದರು.

ನಾನು ನೋಡಿಕೊಳ್ಳುವ ಅಜ್ಜನಿಗೆ "ನಮ್ಮ ರಾಜ್ಯದ ಸೈನಿಕರು ಈ ಊರಿಗೆ ಕುದುರೆ ಮೇಲೆ ಬಂದಿದ್ದರು" ಅಂದೆ. ಅವರಿಗೆ ಮೊದಲೇ ಗೊತ್ತಿತ್ತು! ಕಾರ್ಮೆಲ್ ಮೇಲಿಂದ ಕೆಳಗಿನ ಬಯಲು ತೋರಿಸಿ ಇಲ್ಲಿಂದ ಹೀಗೆ ಬಂದರು ಅಂತ ಅವರೇ ನನಗೆ ಹೇಳಿದರು. ಹಳೇನಕ್ಷೆ ಅವರು ಬರೆದ ಜೌಗು ಈಗ ಕಾಣುವುದಿಲ್ಲ. ಆ ಕಡೆಯೆಲ್ಲ ಕಾರ್ಖಾನೆ, ರಸ್ತೆ.

ಇಲ್ಲಿ ಒಂದು ಮಾತು ಕೇಳುತ್ತೇನೆ. ಬಹಾಯಿ ಧರ್ಮದವರ ಗುರು ಅಬ್ದುಲ್ ಬಹಾ ಅವರನ್ನು ನಮ್ಮ ಸೈನಿಕರೇ ನೇಣಿನಿಂದ ಬಿಡಿಸಿದರು ಅಂತ. ನಿಜವಾ?

ಹಳೇನಕ್ಷೆ:
ಅಕ್ಕ, ನೀವು ಅಲ್ಲಿಂದ ಬರೆದದ್ದು ನೋಡಿ ತುಂಬಾ ಸಂತೋಷ ಆಯಿತು. ಅಬ್ದುಲ್ ಬಹಾ ಆಗ ಹೈಫಾದಲ್ಲೇ ಇದ್ದರು, ಅದು ನಿಜ. ತುರ್ಕಿ ಸೇನಾಪತಿ ಜಮಾಲ್ ಪಾಶಾ ಅವರನ್ನು ಕೊಲ್ಲಿಸುತ್ತೇನೆ ಅಂತ ಬೆದರಿಸಿದ್ದ ಅಂತ ಬಹಾಯಿಗಳು ಹೇಳುತ್ತಾರೆ. ಬ್ರಿಟಿಷರಿಗೂ ಅವರ ಬಗ್ಗೆ ಕಾಳಜಿ ಇತ್ತು. ಆದರೆ 1918ರ ಸೆಪ್ಟೆಂಬರಿಗೆ ಜಮಾಲ್ ಪಾಶಾ ಆ ಸೀಮೆ ಬಿಟ್ಟು ಎಷ್ಟೋ ತಿಂಗಳಾಗಿತ್ತು. ನೇಣುಗಂಬದ ಹತ್ತಿರದಿಂದ ಬಿಡಿಸಿಕೊಂಡು ಬಂದರು ಅನ್ನುವುದು ಆಮೇಲೆ ಬೆಳೆದ ಕತೆ.

ಬಿಸಿಬೇಳೆ:
ನಾನು ಕೇಳಿದ ಇನ್ನೊಂದು. 1914ರಲ್ಲಿ ಮದ್ರಾಸಿಗೆ ಜರ್ಮನ್ ಹಡಗು ಬಂದು ಬಾಂಬ್ ಹಾಕಿತಲ್ಲ, ಎಮ್ಡೆನ್. ಅದರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಚೆಂಪಕರಾಮನ್ ಪಿಳ್ಳೈ ಇದ್ದರಂತೆ. ಅವರೇ ಎಲ್ಲಿ ಹೊಡೆಯಬೇಕು ಅಂತ ತೋರಿಸಿದರಂತೆ.

ಪುಸ್ತಕಹುಳು:
ಎಮ್ಡೆನ್ ಬಂದದ್ದು ನಿಜ, 1914ರ ಸೆಪ್ಟೆಂಬರ್ 22ರ ರಾತ್ರಿ. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ಮದ್ರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಓಡಿದರು. ನವೆಂಬರ್ 9ಕ್ಕೆ ಕೊಕೊಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಹಡಗು ಅದನ್ನು ಹೊಡೆದು ಮುಗಿಸಿತು. ಆದರೆ ಪಿಳ್ಳೈ ಅದರಲ್ಲಿದ್ದರು ಅನ್ನುವುದಕ್ಕೆ ಪುರಾವೆ ಇಲ್ಲ. ಅವರು ಜರ್ಮನಿಯಲ್ಲಿದ್ದುಕೊಂಡು ಸ್ವಾತಂತ್ರ್ಯಕ್ಕಾಗಿ ಮಾಡಿದ ಕೆಲಸ ಬೇಕಾದಷ್ಟಿದೆ. ಹಡಗಿನ ಕತೆ ಇಲ್ಲದೆಯೂ ಅವರು ದೊಡ್ಡವರೇ.

ಗಂಧದಗುಡಿಯವ:
ಜರ್ಮನಿ ಅಂದ ಮೇಲೆ ನಮ್ಮ ಗಂಧದ ಎಣ್ಣೆ ಬಗ್ಗೆ ಹೇಳಲೇಬೇಕು. ಯುದ್ಧಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಕೊರಡು ಜಾಸ್ತಿ ಹೋಗುತ್ತಿದ್ದದ್ದು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ. ಎಣ್ಣೆ ತೆಗೆಯುವುದು ಅಲ್ಲಿ. ನಾವು ಮರ ಕಡಿದು ಕೊಡುವುದು, ಅಷ್ಟೇ. 1914ರಲ್ಲಿ ಯುದ್ಧ ಶುರುವಾಯಿತು, ಮಾರಾಟ ನಿಂತಿತು. ಗೋದಾಮಿನಲ್ಲಿ ಕೊರಡು ರಾಶಿ ಬಿತ್ತು. ಆಗ ಇಲ್ಲೇ ಎಣ್ಣೆ ತೆಗೆಯೋಣ ಅಂತ ಹೊರಟರು. 1916ರಲ್ಲಿ ಬೆಂಗಳೂರಿನಲ್ಲಿ ಶುರು, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ. 1918ಕ್ಕೆ ಸೋಪು. ಇವತ್ತು ನಿಮ್ಮ ಬಚ್ಚಲಿನಲ್ಲಿರುವ ಮೈಸೂರು ಸ್ಯಾಂಡಲ್ ಸೋಪು ಆ ಯುದ್ಧದ ಕೂಸು.

ಬಿಸಿಬೇಳೆ:
ವಿಶ್ವೇಶ್ವರಯ್ಯನವರ ತಲೆ ಅಂದರೆ ತಲೆ!

ಗಂಧದಗುಡಿಯವ:
ದಿವಾನರು ಅವರೇ, ಮಹಾರಾಜರು ನಾಲ್ವಡಿಯವರು. ಇಬ್ಬರ ಒತ್ತಾಸೆ ಇತ್ತು. ಆದರೆ ಎಣ್ಣೆ ತೆಗೆಯುವ ವಿಧಾನ ಕಂಡುಕೊಟ್ಟವರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಐಐಎಸ್‌ಸಿಯ ಸಡ್‌ಬರೋ ಮತ್ತು ವ್ಯಾಟ್ಸನ್. ಸೋಪಿನ ಕೆಲಸ ಕಲಿತು ಬಂದು ಇಲ್ಲಿ ಕಟ್ಟಿದವರು ಎಸ್.ಜಿ. ಶಾಸ್ತ್ರಿ. ಅವರ ಹೆಸರನ್ನೂ ಹೇಳಿ. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವ ಅಭ್ಯಾಸ ನಮಗೆ ಜಾಸ್ತಿ.

ಕಂಟೋನ್ಮೆಂಟ್:
ಬೆಂಗಳೂರಿನದ್ದೇ ಇನ್ನೊಂದು. ಬ್ಯಾಂಗಲೋರ್ ಟಾರ್ಪಿಡೋ. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ) ನಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಮಾಡಿದ್ದು. ಉದ್ದ ಕೊಳವೆಯೊಳಗೆ ಸ್ಫೋಟಕ ತುಂಬಿ, ಕೊಳವೆಗೆ ಕೊಳವೆ ಜೋಡಿಸಿ ಮುಳ್ಳುತಂತಿ ಬೇಲಿಯ ಅಡಿಗೆ ತಳ್ಳುವುದು. ಸಿಡಿದರೆ ದಾರಿ ಆಗುತ್ತದೆ. ಎರಡೂ ಮಹಾಯುದ್ಧದಲ್ಲಿ ಬಳಸಿದರು. 1944ರ ಜೂನ್ 6ಕ್ಕೆ ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕನ್ನರು ಮುಂದೆ ಹೋಗಲು ದಾರಿ ಮಾಡಿದ್ದು ಇದರಿಂದಲೇ.

ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್ ಸೇರುವಲ್ಲಿ ಒಂದು ಕಲ್ಲಿನ ಸ್ತಂಭ ಇದೆಯಲ್ಲ, ಸಿಗ್ನಲ್ ಹತ್ತಿರ? ಅದು ಮದ್ರಾಸ್ ಪಯೊನೀರ್ಸ್, ಅಂದರೆ ಸೇನೆಗೆ ದಾರಿ ಮಾಡಿಕೊಡುವ ಪಡೆಯ ಸ್ಮಾರಕ. ಶಾಪಿಂಗ್‌ಗೆ ಬಂದವರು ಅದಕ್ಕೆ ಒರಗಿ ಫೋನ್ ನೋಡುತ್ತಾ ನಿಂತಿರುತ್ತಾರೆ. ಒಮ್ಮೆ ತಲೆ ಎತ್ತಿ ಓದಿ.

ಸಂಡೂರಿನವ:
61ನೇ ಪಯೊನೀರ್ಸ್ ಪೂರ್ವ ಆಫ್ರಿಕಾದ ಟಾಂಗಾಕ್ಕೂ ಹೋಗಿದ್ದರು. 1914ರ ನವೆಂಬರ್. ಸುಮಾರು 8,000 ಜನ ಇಳಿದು, ಸಾವಿರದಷ್ಟಿದ್ದ ಜರ್ಮನ್ ಕಡೆಯವರಿಂದ ಸೋತು ವಾಪಸ್ ಹಡಗು ಹತ್ತಿದರು. ನಡುವೆ ಜೇನು ಎದ್ದು ಕಚ್ಚಿದವು. ಜರ್ಮನರು ಬೇಕೆಂದೇ ಜೇನು ಬಿಟ್ಟರು ಅಂತ ಆಗ ಪತ್ರಿಕೆಯಲ್ಲೂ ಬಂತು. ಸುಳ್ಳು. ಗುಂಡಿನ ಸದ್ದಿಗೆ ಜೇನು ಎದ್ದು ಎರಡೂ ಕಡೆಯವರಿಗೆ ಕಚ್ಚಿದ್ದು.

ಕೊಡಗಿನಬೆಟ್ಟ:
ನೀವೆಲ್ಲ ಮೊದಲ ಯುದ್ಧದಲ್ಲೇ ಇದ್ದೀರಿ. ಎರಡನೆಯದಕ್ಕೆ ಬನ್ನಿ. ಮುಂದೆ ಭಾರತೀಯ ಸೇನೆಯ ಮುಖ್ಯಸ್ಥರಾದ ನಮ್ಮ ತಿಮ್ಮಯ್ಯನವರು 1945ರಲ್ಲಿ ಬರ್ಮಾದ ಅರಾಕಾನಿನಲ್ಲಿ ಬೆಟಾಲಿಯನ್ ನಡೆಸಿದರು, ಕಂಗಾವ್ ಯುದ್ಧ ಗೆದ್ದರು, ಆಮೇಲೆ ಯುದ್ಧರಂಗದಲ್ಲಿ ಬ್ರಿಗೇಡ್ ನಡೆಸಿದ ಮೊದಲ ಭಾರತೀಯ ಆದರು. ಅದೇ ಹೊತ್ತಿಗೆ ಅವರ ಒಡಹುಟ್ಟಿದ ಸೋದರ ನೇತಾಜಿಯ ಐಎನ್‌ಎಯಲ್ಲಿ! ಒಂದೇ ಮನೆ, ಎದುರುಬದುರು ಎರಡು ಸೇನೆ. ಕೆಂಪುಮಣ್ಣು ಅವರೇ, ಯಾರ ಯುದ್ಧ ಅಂತ ಕೇಳಿದಿರಲ್ಲ, ಆ ಪ್ರಶ್ನೆ ಒಂದೇ ಮನೆಯೊಳಗೇ ಇತ್ತು.

ಕೆಂಪುಮಣ್ಣು:
ಇದನ್ನು ಒಪ್ಪುತ್ತೇನೆ. ಇಬ್ಬರನ್ನೂ ಗೌರವಿಸಬಹುದು.

ಕಂಟೋನ್ಮೆಂಟ್:
ಎರಡನೇ ಯುದ್ಧ ಅಂದರೆ ಎಚ್‌ಎಎಲ್ ಕೂಡ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಶುರು ಮಾಡಿದ್ದು. 1943ರಲ್ಲಿ ಅಮೆರಿಕನ್ ಸೇನೆಯ ಕೈಗೆ ಹೋಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳನ್ನು ಬೆಂಗಳೂರಿನಲ್ಲಿ ರಿಪೇರಿ ಮಾಡುತ್ತಿದ್ದರು.

ನಿರ್ವಾಹಕ:
ಎರಡನೇ ಮಹಾಯುದ್ಧಕ್ಕೆ ಬೇರೆ ಎಳೆ ತೆರೆಯಿರಿ ದಯವಿಟ್ಟು. ಇಲ್ಲಿ ಹೈಫಾಗೆ ವಾಪಸ್ ಬರೋಣ.

ಹಳೇನಕ್ಷೆ:
ಸರಿ. ನನ್ನ ಒಂದು ಹಳೇ ಸಂಕಟ ಹೇಳಿಬಿಡುತ್ತೇನೆ. ಎಲ್ಲರೂ ಹೈಫಾ ಹೇಳುತ್ತಾರೆ. ಹರಿತಾನ್ ಯಾರೂ ಹೇಳಲ್ಲ.

ಹೈಫಾ ಆದ ಮೇಲೆ ಈ ಸವಾರರು ಮನೆಗೆ ಬರಲಿಲ್ಲ. ಉತ್ತರಕ್ಕೆ, ಸಿರಿಯಾದ ಅಲೆಪ್ಪೊವರೆಗೆ ಹೋದರು. ಅಷ್ಟರಲ್ಲಿ ಮಲೇರಿಯಾ, ಇನ್‌ಫ್ಲುಯೆಂಜಾ ಹೊಡೆದು ಪಡೆಗಳು ಸೊರಗಿದ್ದವು. 1918ರ ಅಕ್ಟೋಬರ್ 26ಕ್ಕೆ ಅಲೆಪ್ಪೊ ಆಚೆ ಹರಿತಾನ್ ಅನ್ನುವ ಹಳ್ಳಿಯ ಹತ್ತಿರ ಜೋಧಪುರ ಮತ್ತು ಮೈಸೂರಿನವರು ಮತ್ತೆ ನುಗ್ಗಿದರು. ಎದುರಿಗಿದ್ದ ತುರ್ಕಿ ಸೇನೆ ಅವರು ಅಂದುಕೊಂಡಿದ್ದಕ್ಕಿಂತ ಬಹಳ ದೊಡ್ಡದು. ಅದನ್ನು ನಡೆಸುತ್ತಿದ್ದವನು ಮುಸ್ತಫಾ ಕೆಮಾಲ್. ಮುಂದೆ ಅತಾತುರ್ಕ್ ಅಂತ ಹೆಸರಾದವನೇ. ಈ ಸಲ ದಾಳಿ ಫಲಿಸಲಿಲ್ಲ. ಹೈಫಾಗಿಂತ ಇಲ್ಲೇ ನಮ್ಮವರು ಜಾಸ್ತಿ ಸತ್ತರು. ಜೋಧಪುರದ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಕೂಡ ಬಿದ್ದರು. ನಾಲ್ಕೇ ದಿನಕ್ಕೆ, 30ರಂದು, ಮುದ್ರೋಸ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಆ ರಂಗದ ಕೊನೆಯ ಕಾಳಗ ಅದೇ.

ನಾಲ್ಕು ದಿನ ತಡೆದಿದ್ದರೆ ಅವರೆಲ್ಲ ಬದುಕಿ ಬರುತ್ತಿದ್ದರು. ಪೇಡಾಪ್ರಿಯ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗೆದ್ದ ದಿನ ಮಾತ್ರ ನಮಗೆ ಹಬ್ಬ.

ಕುದುರೆಗೊರಸು:
ಅತಾತುರ್ಕ್ ಎದುರು ಮೈಸೂರಿನ ಸವಾರರು! ಇದನ್ನು ಯಾಕೆ ಯಾರೂ ಹೇಳಲ್ಲ?

ಸಂಡೂರಿನವ:
ಸೋತದ್ದಕ್ಕೆ.

ಹಳೇನಕ್ಷೆ:
ಪೂರ್ತಿ ಸೋಲೂ ಅಲ್ಲ. ಅದೇ ರಾತ್ರಿ ತುರ್ಕಿಗಳು ಅಲ್ಲಿಂದ ಹಿಂದೆ ಸರಿದರು. ಆದರೆ ದಾಳಿ ಮಾತ್ರ ನಿಂತುಹೋಯಿತು.

ಜೆಸಿನಗರದವಳು:
ಮುತ್ತಜ್ಜ "ಹಲಬ್" ಅಂತ ಒಂದು ಊರಿನ ಹೆಸರು ಹೇಳುತ್ತಿದ್ದರಂತೆ. ಅಲ್ಲಿಯ ಚಳಿಗೆ ಕುದುರೆಗಳು ನಡುಗುತ್ತಿದ್ದವು ಅಂತ. ಅದು ಎಲ್ಲಿ ಅಂತ ನಮಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಕಡಲತಡಿ:
ಹಲಬ್ ಅಂದರೆ ಅಲೆಪ್ಪೊನೇ. ಇಲ್ಲಿ ಅರಬರು ಹಾಗೇ ಕರೆಯುತ್ತಾರೆ.

ಜೆಸಿನಗರದವಳು:
ಅಯ್ಯೋ. ಅಮ್ಮನಿಗೆ ಈಗಲೇ ಫೋನ್ ಮಾಡುತ್ತೇನೆ. ನಮ್ಮ ಏರಿಯಾದಲ್ಲೇ ಲ್ಯಾನ್ಸರ್ಸ್ ಸ್ಮಾರಕ ಇದೆ. ಚಿಕ್ಕಂದಿನಿಂದ ಅದರ ಮುಂದೆಯೇ ಓಡಾಡಿದ್ದೇನೆ. ಅದರ ಮೇಲೆ ಹೆಸರುಗಳನ್ನು ಕೆತ್ತಿದ್ದಾರೆ. ಮುತ್ತಜ್ಜನ ಹೆಸರು ಹುಡುಕಬಹುದಾ?

ಪುಸ್ತಕಹುಳು:
ಅಲ್ಲಿ ಇರುವುದು ಸತ್ತವರ ಹೆಸರು ಮೇಡಂ. ಮುತ್ತಜ್ಜ ಮರಳಿ ಬಂದವರು, ಅಲ್ಲಿ ಇರಲಾರರು. ಸತ್ತವರನ್ನಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲೂ ಹುಡುಕಬಹುದು. ಈಜಿಪ್ಟಿನ ಪೋರ್ಟ್ ತೌಫಿಕ್‌ನಲ್ಲಿ ಸುಮಾರು 4,000 ಭಾರತೀಯರ ಹೆಸರಿದ್ದ ಸ್ಮಾರಕ ಇತ್ತು. ಅದು 1967ರ ನಂತರದ ಈಜಿಪ್ಟ್ ಇಸ್ರೇಲ್ ಹೊಡೆದಾಟದಲ್ಲಿ ಹಾಳಾಯಿತು. ಈಗ ಅವರ ನೆನಪಿನ ಫಲಕ ಕೈರೋದ ಹೆಲಿಯೊಪೊಲಿಸ್‌ನಲ್ಲಿದೆ.

ಮರಳಿ ಬಂದವರಿಗೆ ರಾಜ್ಯ ಪತ್ರಾಗಾರವೇ ಗತಿ. ಮೈಸೂರು ಸರ್ಕಾರದ ಹಳೇ ಫೈಲುಗಳು ಅಲ್ಲಿವೆ. ಮಿಲಿಟರಿ ಇಲಾಖೆ, 1914ರಿಂದ 1920 ಅಂತ ಕೇಳಿ. ಪಿಂಚಣಿ, ಜಮೀನು, ರಜೆ ಅರ್ಜಿ, ಹೀಗೆ ಏನಾದರೂ ಸಿಗುವ ಸಾಧ್ಯತೆ ಇದೆ.

ಗುಲ್ಮೊಹರ್:
ಜೆಸಿನಗರದ ಅಕ್ಕ, ನಾನೂ ಬರುತ್ತೇನೆ. ನಮ್ಮ ತಾಯಿ ಮನೆಯ ಕಡೆಯದೂ ಹುಡುಕಬೇಕು. ಹಳೇ ಪತ್ರಗಳು ಉರ್ದುವಿನಲ್ಲಿದ್ದರೆ ನಾನು ಓದುತ್ತೇನೆ.

ಕುದುರೆಗೊರಸು:
ನಾನೂ ಇದ್ದೇನೆ. ಅದಕ್ಕೆ ಮೊದಲು ಸ್ಮಾರಕದ ಹೆಸರುಗಳನ್ನೆಲ್ಲ ಬರೆದುಕೊಂಡು ಬಂದು ಇಲ್ಲಿ ಕನ್ನಡದಲ್ಲಿ ಹಾಕೋಣ. ಮುಂದಿನ ಸೆಪ್ಟೆಂಬರಿಗೆ ಆ ಮೆಸೇಜ್ ಬಂದಾಗ ಉತ್ತರವಾಗಿ ಈ ಹೆಸರುಗಳನ್ನು ಕಳಿಸುತ್ತೇನೆ.

ಪೇಡಾಪ್ರಿಯ:
ಅಕ್ಟೋಬರ್ 26ಕ್ಕೂ ಕಳಿಸ್ರಿ. ಏಪ್ರಿಲ್ 29ಕ್ಕೆ ಕುಟ್ ಬಗ್ಗೆ ನಾನು ಬರೆಯುತ್ತೇನೆ.